ಕಮಲಾಕ್ಷಮ್ಮನವರ ಹರಿವಾಣ

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಕಮಲಾಕ್ಷಮ್ಮ ಒಂದು ಬಟ್ಟಲು ಹಿಡಿದುಕೊಂಡು ಸಕ್ಕರೆ ಕೇಳಲು ಬಂದರು.

ಅವರ ಮನೆಯಲ್ಲಿ ಸಕ್ಕರೆ ಬೇಕಾದಷ್ಟಿತ್ತು. ಹಿಂದಿನ ಸಂಜೆ ಅವರ ಯಜಮಾನರು ಸೊಸೈಟಿಯಿಂದ ಚೀಲ ಹೊತ್ತು ತಂದದ್ದನ್ನು ಇಡೀ ವಠಾರ ಕಂಡಿತ್ತು. ಬಂದದ್ದು ಬೇರೆ ಯಾವುದಕ್ಕೋ ಎಂದು ಅಲಮೇಲುವಿಗೆ ತಿಳಿಯಿತು. ಕಮಲಾಕ್ಷಮ್ಮ ಹೊಸ್ತಿಲ ಬಳಿ ನಿಂತು ಮೊದಲು ಬಿಸಿಲಿನ ಮಾತಾಡಿದರು. ಆಮೇಲೆ ಹಾಲಿನವಳ ಮಾತಾಡಿದರು. ಆಮೇಲೆ ಬಾವಿಯ ರಾಟೆ ಕಿರುಗುಟ್ಟುವುದರ ಮಾತಾಡಿದರು. ಕೊನೆಗೆ, ಚಳಿಗಾಲದಲ್ಲಿ ಕೊಳಕ್ಕೆ ಇಳಿಯುವವರ ಹಾಗೆ, ಒಂದೊಂದೇ ಮೆಟ್ಟಿಲು ಇಳಿದರು.

“ಹೇಳಬಾರದು ಅಂತಲೇ ಇದ್ದೆ ಕಣಮ್ಮ ಅಲಮೇಲು. ಇವತ್ತು ಆರು ಗಂಟೆಗೆ ನಮ್ಮ ಸರಸಿ ಲಗ್ನಪತ್ರಿಕೆ. ತಿಪಟೂರಿಂದ ಬೀಗರು ಬರ್ತಾರೆ. ನಮ್ಮನೆ ಹರಿವಾಣ ಒಂದು ಇಲ್ಲೇ ಉಳಕೊಂಡುಬಿಟ್ಟಿದೆ.”

“ಯಾವ ಹರಿವಾಣ ಕಮಲಾಕ್ಷಮ್ಮನೋರೇ?”

“ಹಿತ್ತಾಳೆದು. ಒಂದಡಿ ಅಗಲ. ಅಂಚಿನಲ್ಲಿ ಒಂದು ಕಡೆ ತಗ್ಗು ಬಿದ್ದಿದೆ. ನನ್ನ ಮದುವೇಲಿ ಬೀಗರೂಟದ ದಿನ ನಮ್ಮ ಚಿಕ್ಕ ಮಾವನವರು, ಎರಡನೇ ಸಲ ಚಿರೋಟಿ ಬರಲಿಲ್ಲ ಅಂತ ಕಂಬಕ್ಕೆ ಎಸೆದದ್ದು. ಕಂಬಕ್ಕೇನೂ ಆಗಲಿಲ್ಲ. ತಿಂಗಳ ಹಿಂದೆ ಪಟ್ಟಾಭಿರಾಮ ಬಂದು, ಎರಡು ದಿನಕ್ಕೆ ಕೊಡಿ ಅಂತ ತಗೊಂಡು ಹೋದ.”

“ಅವರಾ? ಹರಿವಾಣ ಯಾತಕ್ಕೆ?”

“ಏನೋ ಹೇಳ್ದ ಕಣಮ್ಮ. ನಂಗೆ ತಲೆಬುಡ ತಿಳೀಲಿಲ್ಲ. ನೆನಪೂ ಇಲ್ಲ. ಸಿಕ್ಕಿದ್ರೆ ಚೆನ್ನಾಗಿ ಹುಣಿಸೆಹಣ್ಣು ಹಾಕಿ ತೊಳೆದುಬಿಡು, ಶುಭಕಾರ್ಯ ನೋಡು. ತಪ್ಪು ತಿಳ್ಕೋಬೇಡ.” ಬಟ್ಟಲನ್ನು ಅಲ್ಲೇ ಕಿಟಕಿಯ ಮೇಲೆ ಮರೆತು, ಕಮಲಾಕ್ಷಮ್ಮ ತಿರುಗಿದರು. ಅಂಗಳಕ್ಕೆ ಇಳಿದ ಮೇಲೆ ಏನೋ ನೆನೆಸಿಕೊಂಡು ನಿಂತು, “ಬರ್ತೀನಮ್ಮ” ಅಂದರು.

ಹದಿಮೂರು ದಿನ ಆ ಮನೆಯಿಂದ ಹೊರಟವರು ಯಾರೂ ಆ ಮಾತು ಹೇಳಿರಲಿಲ್ಲ. ಸಾವಿನ ಮನೆಯಲ್ಲಿ ಹೇಳುವ ಪದ್ಧತಿಯಿಲ್ಲ. ಎಲ್ಲರೂ ಕಳ್ಳರ ಹಾಗೆ ಸದ್ದಿಲ್ಲದೆ ಎದ್ದು ಹೋಗುತ್ತಿದ್ದರು. ಇವತ್ತು ಮೈಲಿಗೆ ಕಳೆದ ಮಾಮೂಲು ದಿನ.

ಅಲಮೇಲು ಅಡಿಗೆಮನೆ ನೋಡಿದಳು, ದೇವರ ಮನೆ ನೋಡಿದಳು. ಹರಿವಾಣ ಇರಲಿಲ್ಲ. ಈ ಹದಿನಾಲ್ಕು ದಿನ ಜನ ಆಡಿದ ಮಾತೆಲ್ಲ ಅವಳಿಗೆ ಮೂರನೆಯ ಮನೆಯ ರೇಡಿಯೋದ ಹಾಗೆ ಕೇಳಿಸುತ್ತಿತ್ತು. ಈಗ ಒಂದು ಪ್ರಶ್ನೆ ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿದ ತೆಂಗಿನ ನಾರಿನಂತೆ ಸಿಕ್ಕಿಕೊಂಡಿತು. ಅವಳ ಗಂಡ ಪಟ್ಟಾಭಿರಾಮನಿಗೆ ಸ್ವಂತ ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ಕೊನೆಯವರೆಗೂ ಗೊತ್ತಾಗಿರಲಿಲ್ಲ. ಅಂಥವನಿಗೆ ಒಂದಡಿ ಅಗಲದ ಹರಿವಾಣ ಯಾತಕ್ಕೆ?

ನಡುಮನೆಯಲ್ಲಿ ಅವಳ ಅಣ್ಣ ವೆಂಕಟೇಶಯ್ಯ ಮೂಟೆ ಕಟ್ಟುತ್ತಿದ್ದ. ದುಃಖ ಬಂದಾಗ ಕೆಲವರು ಅಳುತ್ತಾರೆ, ಕೆಲವರು ಮೌನವಾಗುತ್ತಾರೆ. ವೆಂಕಟೇಶಯ್ಯ ಮೂಟೆ ಕಟ್ಟುವವನು. ಕುಣಿಗಲ್ಲಿನಿಂದ ಬರುವಾಗಲೇ ಹಗ್ಗ ತಂದಿದ್ದ. ಬೆಳಗಿನಿಂದ ನಾಲ್ಕು ಮೂಟೆ ಮುಗಿದು ಐದನೆಯದರ ಬಾಯಿ ಹೊಲಿಯುತ್ತಿದ್ದ.

“ಐದೂವರೆ ಬಸ್ಸಿಗೆ ಇಬ್ಬರೂ ಹೊರಟುಬಿಡೋಣ ಅಲಮೇಲು. ಸಾಮಾನು ಮುಂಚೆ ಹೋಗ್ಲಿ, ಮಧ್ಯಾಹ್ನದ ಬಸ್ಸಿಗೆ ಹಾಕ್ತೀನಿ. ನಿಮ್ಮತ್ತಿಗೆ ಒಲೆ ಹತ್ರ ಹೊಸ ಮಣೆ ಹಾಕಿಸಿದಾಳೆ, ನಿನಗೇ ಅಂತ.”

ಕುಣಿಗಲ್ಲಿನ ಮನೆಯಲ್ಲಿ ಆರು ಮಕ್ಕಳು, ಅತ್ತಿಗೆ, ಒಂದು ಒಲೆ. ಆ ಮಣೆಯ ಮೇಲೆ ಕೂತರೆ ಮತ್ತೆ ಏಳುವುದು ಯಾವಾಗ ಎಂದು ಅಲಮೇಲು ಲೆಕ್ಕ ಹಾಕಿದ್ದಳು. ಮೈಸೂರಿನಲ್ಲಿ ಗಣಿತ ಓದಿ ಬಿ.ಎಸ್ಸಿ. ಪಾಸು ಮಾಡಿದವಳು, ಲೆಕ್ಕ ತಪ್ಪುವಂತಿರಲಿಲ್ಲ. ಯಾವ ದಾರಿಯಲ್ಲಿ ಮಾಡಿದರೂ ಏಳುವ ದಿನ ಬರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಸೈಕಲ್ ಬೆಲ್ ಆಯಿತು. ಪಟ್ಟಾಭಿರಾಮನ ಕಚೇರಿಯ ಜವಾನ ಚಿಕ್ಕರಂಗಯ್ಯ, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ.

“ಅಮ್ಮಾವ್ರೇ, ಸಾಹೇಬ್ರು ಜಲ್ದಿ ಬರ್ಬೇಕಂತೆ. ಮೂರು ಗಂಟೆಗೆ ಮೀಟಿಂಗು. ಗುಬ್ಬಿಯೋರು ಕುಣಿಗಲ್ಲೋರು ಬೆಳಗ್ಗೇನೇ ಬಂದು ಕುಂತವ್ರೆ. ಒಬ್ಬರ ಜುಟ್ಟು ಒಬ್ಬರು ಹಿಡಿಯೋದು ಒಂದು ಬಾಕಿ.”

“ಅದಕ್ಕೆ ನಾನ್ಯಾಕೆ ಚಿಕ್ಕರಂಗಯ್ಯ?”

“ನಮ್ ರಾಯರು ಗೆರೆ ಅರ್ಧಕ್ಕೆ ಬುಟ್ಟು ಹೋಗವ್ರಲ್ಲವ್ವ. ಮಿಕ್ಕಿದ್ದರ್ಧ ಎತ್ಲಾಗೆ ಹೋಯ್ತದೆ ಅಂತ ಯಾರಿಗೂ ತಿಳೀದು.”

ವೆಂಕಟೇಶಯ್ಯ ದಬ್ಬಣ ಬಾಯಲ್ಲಿ ಕಚ್ಚಿಕೊಂಡೇ ಬೇಡ ಬೇಡವೆಂದು ತಲೆ ಆಡಿಸಿದ. ಮೊದಲನೆಯ ದಿನವೇ ಹೊರಗೆ ಹೋಗುವುದೆಂದರೆ! ಅಲಮೇಲು ಅಷ್ಟರಲ್ಲಿ ಚಪ್ಪಲಿ ಮೆಟ್ಟಿಯಾಗಿತ್ತು.

ತುಮಕೂರು ಪ್ರಾಂತ ಸಾರಿಗೆ ಯೋಜನಾ ಸಮಿತಿ ಎಂಬ ಉದ್ದನೆಯ ಹೆಸರಿನ ಆ ಸಣ್ಣ ಕಚೇರಿ ಚಿಕ್ಕಪೇಟೆಯ ಒಂದು ಮಹಡಿಯ ಮೇಲಿತ್ತು. ಯಾವ ಊರಿಗೆ ಎಷ್ಟು ಬಸ್ಸು ಬೇಕು, ಯಾವ ರಸ್ತೆಗೆ ಟಾರು ಬೇಕು ಎಂದು ಯೋಚನೆ ಮಾಡುವುದು ಅದರ ಕೆಲಸ. ಇದುವರೆಗೆ ಉತ್ತರಕ್ಕೆ ಕೋರದಿಂದ ದಕ್ಷಿಣಕ್ಕೆ ಕ್ಯಾತ್ಸಂದ್ರದವರೆಗೆ ಮಾತ್ರ ಯೋಚನೆ ಮಾಡುವ ಅಧಿಕಾರ ಅದಕ್ಕಿತ್ತು. ಈ ವರ್ಷ, ಅಂದರೆ ಐವತ್ತೊಂಬತ್ತನೆಯ ಇಸವಿಯಲ್ಲಿ, ಗುಬ್ಬಿ ಕುಣಿಗಲ್ಲುಗಳನ್ನೂ ಸೇರಿಸಿಕೊಂಡು ಯೋಚಿಸಬಹುದೆಂದು ಮೇಲಿನಿಂದ ಆರ್ಡರು ಬಂದಿತ್ತು. ಹೊಸ ಗಡಿ ಎಲ್ಲಿ ಹಾದುಹೋಗಬೇಕೆಂದು ಆರ್ಡರಿನಲ್ಲಿ ಇರಲಿಲ್ಲ. ಅದನ್ನು ಎಳೆಯಬೇಕಾಗಿದ್ದವನು ನಕ್ಷೆ ಬರೆಯುವ ಪಟ್ಟಾಭಿರಾಮ. ಅರ್ಧ ಎಳೆದಿದ್ದ. ಆಮೇಲೆ ಟೈಫಾಯಿಡ್ ಬಂತು.

ಕಾರ್ಯದರ್ಶಿ ಚಂದ್ರಶೇಖರಯ್ಯ ಸಜ್ಜನರು. ಮೀಟಿಂಗ್ ಎಂದರೆ ಅವರಿಗೆ ಅಂಗೈ ಬೆವರುತ್ತಿತ್ತು. ಅಲಮೇಲುವನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಮೇಜಿನ ಮೇಲೆ ನಕ್ಷೆ ಬಿಡಿಸಿದರು. ಒಂದು ಅಂಗುಲಕ್ಕೆ ಮೂರು ಮೈಲಿಯಂತೆ ಬರೆದ ನಕ್ಷೆ. ಕೋರದ ಪಕ್ಕದಿಂದ ಹೊರಟ ಕಪ್ಪು ಗೆರೆ ಸೊಗಸಾಗಿ ಬಾಗುತ್ತಾ ಗುಬ್ಬಿಯ ಆಚೆಗೆ ಬಂದು, ಅಲ್ಲಿ ಒಂದು ಕಡೆ ಯಾರೋ ಚಿವುಟಿದಂತೆ ಒಳಕ್ಕೆ ಸರಿದು, ಮತ್ತೆ ಸರಿಹೋಗಿ, ನಾಲ್ಕು ಬೆರಳು ಮುಂದೆ ಹೋಗಿ ನಿಂತಿತ್ತು.

“ನೋಡಿ ತಾಯಿ, ಇದು ವೈಜ್ಞಾನಿಕ ಗೆರೆ ಅಂತ ನಾನು ಎರಡೂ ಊರಿನವರಿಗೆ ಹೇಳಿಬಿಟ್ಟಿದೀನಿ,” ಅಂದರು ಚಂದ್ರಶೇಖರಯ್ಯ. “ಆ ವಿಜ್ಞಾನ ಏನು ಅಂತ ಪಟ್ಟಾಭಿರಾಮ ನನಗೆ ಹೇಳಲೇ ಇಲ್ಲ. ನಾನೂ ಕೇಳಲಿಲ್ಲ. ಕೇಳಿದ್ರೆ ನನಗೆ ಗೊತ್ತಿಲ್ಲ ಅಂತ ಗೊತ್ತಾಗ್ತಿತ್ತಲ್ಲ?”

“ಅಳಿಸಿ ಹೊಸದಾಗಿ ಎಳೆಯಬಹುದಲ್ಲ ಸಾರ್?”

“ಇಂಕು ಹಾಕಿದ ಗೆರೆ ತಾಯಿ! ಅಳಿಸೋದಕ್ಕೆ ಠರಾವು ಬೇಕು, ಠರಾವಿಗೆ ಮೀಟಿಂಗ್ ಬೇಕು. ಮೀಟಿಂಗಿನಲ್ಲಿ ಅವರಿಬ್ಬರೂ ಇರ್ತಾರೆ.” ಅವರು ದನಿ ತಗ್ಗಿಸಿದರು. “ನೀವು ಲೆಕ್ಕ ಕಲಿತವರು ಅಂತ ಪಟ್ಟಾಭಿರಾಮ ಯಾವಾಗಲೂ ಹೇಳೋನು. ಮಿಕ್ಕ ಅರ್ಧ ಮೂರು ಗಂಟೆಯೊಳಗೆ ಮುಗಿಸಿಕೊಡಿ. ಅವನ ಜಾಗ ನಿಮಗೇ. ಇವತ್ತೇ ಠರಾವು ಮಾಡಿಸ್ತೀನಿ.”

ಅವನ ಜಾಗ. ಈ ಮೇಜು, ಈ ಕಿಟಕಿ. ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಐದಕ್ಕೆ ಸ್ವಂತ ಮನೆಗೆ ಹೋಗುವುದು. ಒಲೆಯ ಹತ್ತಿರದ ಹೊಸ ಮಣೆ ಮೂವತ್ತಾರು ಸಾವಿರ ಗಜ ಹಿಂದಕ್ಕೆ ಸರಿದಂತೆ ಅಲಮೇಲುವಿಗೆ ಕಂಡಿತು. “ಪ್ರಯತ್ನ ಮಾಡ್ತೀನಿ” ಅಂದಳು.

ಬಾಗಿಲಾಚೆ ಗುಬ್ಬಿಯ ಸದಸ್ಯ ರಾಮಾಂಜಿನಯ್ಯನ ಗಂಟಲು ಗಿರಣಿಯ ಬೆಲ್ಟಿನ ಹಾಗೆ ಓಡುತ್ತಿತ್ತು. ಅವನದು ನಿಜಕ್ಕೂ ಅಕ್ಕಿ ಗಿರಣಿಯೇ. ಗೆರೆ ಒಳಕ್ಕೆ ಚಿವುಟಿಕೊಂಡಿದ್ದ ಜಾಗದಲ್ಲೇ ಇತ್ತು. ಗುಬ್ಬಿಯೆಲ್ಲ ಗಡಿಯ ಒಳಗೆ, ಅವನ ಗಿರಣಿ ಒಂದು ಮಾತ್ರ ಹೊರಗೆ.

“ಇದು ಕುಣಿಗಲ್ಲೋರ ಕೈವಾಡ ಕಣ್ರೀ! ಊರೆಲ್ಲ ಸುತ್ಕೊಂಡು ಬಂದ ಗೆರೆ ನನ್ನ ಗಿರಣಿ ಕಂಡ ತಕ್ಷಣ ಯಾಕ್ರೀ ಹೆದರ್ಕಂತದೆ?”

“ನಮ್ಮೂರಿಗೆ ಗೆರೆ ಇನ್ನೂ ಬಂದೇ ಇಲ್ಲ, ಕೈವಾಡ ಎಲ್ಲಿಂದ ಬಂತಪ್ಪ ರಾಮಾಂಜಿ?” ಅಂದ ಕುಣಿಗಲ್ಲಿನ ಸದಸ್ಯ ಮುದ್ದಯ್ಯ. ಅವನು ಹಗ್ಗದ ವ್ಯಾಪಾರಿ. ಮಾತನ್ನೂ ಎಳೆದೆಳೆದು ಆಡುತ್ತಿದ್ದ. “ಗೆರೆ ನಮ್ಮ ಕೆರೆ ಏರಿ ದಾಟಿ ಆಚೆಗೆ ಹೋಗ್ಬೇಕು. ಈಚೆಗೇ ನಿಂತರೆ ನಾನು ಊರಿಗೆ ಹೋಗಂಗಿಲ್ಲ, ಇಲ್ಲೇ ಇರ್ತೀನಿ.”

ಅಲಮೇಲು ಬಾಗಿಲು ಹಾಕಿಕೊಂಡು ನಕ್ಷೆಯ ಮೇಲೆ ಬಾಗಿದಳು. ಗೆರೆ ನದಿಯ ಜೊತೆ ಹೋಗಿರಲಿಲ್ಲ, ರಸ್ತೆಯ ಜೊತೆ ಹೋಗಿರಲಿಲ್ಲ, ಹಳ್ಳಿಗಳ ಎಲ್ಲೆಯನ್ನೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ನೋಡಿದರೆ ವೃತ್ತದ ತುಂಡಿನ ಹಾಗಿತ್ತು. ಗೆರೆಯ ಮೇಲೆ ಮೂರು ಚುಕ್ಕೆ ಇಟ್ಟಳು, ಚುಕ್ಕೆಗಳನ್ನು ಜೋಡಿಸಿದಳು, ಜೋಡಿಸಿದ ಗೆರೆಗಳ ನಟ್ಟನಡುವೆ ಲಂಬ ಎಳೆದಳು. ಎರಡು ಲಂಬಗಳು ಸೇರಿದ ಕಡೆ ಗುಂಡುಸೂಜಿ ಚುಚ್ಚಿದಳು. ಕಚೇರಿಯ ಕೈವಾರ ಮೂರಂಗುಲಕ್ಕಿಂತ ಹೆಚ್ಚು ಬಾಯಿ ಬಿಡುತ್ತಿರಲಿಲ್ಲ. ದೊಡ್ಡ ಕೈವಾರ ಬೇಕೆಂದು ಪಟ್ಟಾಭಿರಾಮ ಬರೆದ ಅರ್ಜಿ ಎರಡು ವರ್ಷದಿಂದ ಗೋಡೆಯ ಗೂಡಿನಲ್ಲಿ ಮಲಗಿತ್ತು. ಅಲಮೇಲು ಸೂಜಿಗೆ ದಾರ ಕಟ್ಟಿ, ತುದಿಯಲ್ಲಿ ಪೆನ್ಸಿಲ್ ಸಿಕ್ಕಿಸಿ, ಸುತ್ತ ತಿರುಗಿಸಿದಳು.

ಕೂಡಲಿಲ್ಲ. ಸುತ್ತಿಕೊಂಡು ಬಂದ ಪೆನ್ಸಿಲ್ ಗೆರೆ ಇಂಕಿನ ಗೆರೆಯನ್ನು ಕಾಲಂಗುಲ ತಪ್ಪಿಸಿ ಹೋಯಿತು. ಕಾಲಂಗುಲವೆಂದರೆ ಮುಕ್ಕಾಲು ಮೈಲಿ. ಮುಕ್ಕಾಲು ಮೈಲಿಯಲ್ಲಿ ಎಷ್ಟು ಜನರ ಹೊಲವಿರುತ್ತದೆ! ಇನ್ನೊಮ್ಮೆ ಮಾಡಿದಳು. ಮತ್ತೆ ಅಷ್ಟೇ.

ಅವಳು ಪೆನ್ಸಿಲ್ ಕೆಳಗಿಟ್ಟು ಗಲ್ಲಕ್ಕೆ ಕೈ ಹಚ್ಚಿ ಕೂತಳು. ದುಂಡಗಿದೆ, ಆದರೆ ಪೂರ್ತಿ ದುಂಡಗಿಲ್ಲ. ಕೈಯಲ್ಲಿ ಬಡಿದು ಮಾಡಿದ ವಸ್ತುವಿನ ದುಂಡು. ನಕ್ಷೆಯ ಮೇಲೆ ಅಡ್ಡಗಲ ಹತ್ತಿರ ಹತ್ತಿರ ಒಂದಡಿ. ಅಂಚಿನಲ್ಲಿ ಒಂದು ಕಡೆ ತಗ್ಗು.

ಎರಡನೇ ಸಲ ಚಿರೋಟಿ ಬರಲಿಲ್ಲ ಅಂತ ಕಂಬಕ್ಕೆ ಎಸೆದದ್ದು.

ಅಲಮೇಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊರಗಿನಿಂದ ಇಣುಕಿದ ಚಿಕ್ಕರಂಗಯ್ಯ, ಪಾಪ, ರಾಯರ ಮೇಜು ನೋಡಿ ಅಳುತ್ತಾವ್ರೆ ಎಂದುಕೊಂಡು ಮೆಲ್ಲಗೆ ಬಾಗಿಲು ಎಳೆದ. ಗುಬ್ಬಿಗೂ ಕುಣಿಗಲ್ಲಿಗೂ ಜಗಳ ತಂದಿಟ್ಟದ್ದು ಕಮಲಾಕ್ಷಮ್ಮನವರ ಚಿಕ್ಕ ಮಾವ. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು.

ಹರಿವಾಣ ಸಿಕ್ಕಿದರೆ ಐದು ನಿಮಿಷದ ಕೆಲಸ. ತಗ್ಗಿಗೆ ತಗ್ಗು ಕೂಡಿಸಿ ಇಟ್ಟು, ಸುತ್ತ ಪೆನ್ನು ಆಡಿಸಿದರೆ ಆಯಿತು. ಅವಳು ಮನೆಗೆ ಓಡಿದಳು, ಚಿಕ್ಕರಂಗಯ್ಯ ಸೈಕಲ್ ಹಿಡಿದು ಹಿಂದೆಯೇ ಬಂದ. ನಡುಮನೆ ಬರಿದಾಗಿತ್ತು. ವೆಂಕಟೇಶಯ್ಯ ಕೈ ಕೊಡವಿಕೊಳ್ಳುತ್ತಾ ಕೂತಿದ್ದ.

“ಅಣ್ಣಾ, ಎಲ್ಲಾದರೂ ಒಂದು ಹಿತ್ತಾಳೆ ಹರಿವಾಣ ಕಂಡೆಯಾ?”

“ಅಟ್ಟದ ಮೇಲೆ ಕಾಗದದ ಸುರುಳಿಗಳ ಕೆಳಗೆ ಒಂದಿತ್ತಲ್ಲ, ಅಂಚಿಗೆಲ್ಲ ಮಸಿ ಮೆತ್ತಿದ್ದು? ಮೂರನೇ ಮೂಟೆಗೆ ಹಾಕಿದೆ. ಇಲ್ಲ, ನಾಲ್ಕನೇದು. ಬಸ್ಸಿನ ಮೇಲೆ ಹೋಯ್ತು. ಹನ್ನೆರಡೂವರೆಗೆ ಹೊರಡುತ್ತೆ.”

ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತೈದು. ಚಿಕ್ಕರಂಗಯ್ಯ ಸೈಕಲ್ಲಿನಲ್ಲಿ ಮುಂದೆ ಹೋದ, ಅಲಮೇಲು ಹಿಂದೆ ಓಡಿದಳು, ಅವಳ ಹಿಂದೆ ವೆಂಕಟೇಶಯ್ಯ “ಜನ ನೋಡ್ತಾರೆ ಕಣೇ! ಜನ ನೋಡ್ತಾರೆ!” ಎಂದು ಕೂಗುತ್ತಾ, ನೋಡದೆ ಇದ್ದವರೂ ನೋಡುವ ಹಾಗೆ ಮಾಡುತ್ತಾ ಓಡಿದ.

ಅವರು ಬಸ್ ಸ್ಟ್ಯಾಂಡಿಗೆ ಬಂದಾಗ ಕುಣಿಗಲ್ ಬಸ್ಸು ಎಂಜಿನ್ ಹಾಕಿಕೊಂಡು ಗೇಟಿನ ಕಡೆ ತಿರುಗಿತ್ತು. ಕೂಗಿದರೆ ಕೇಳುವಂತಿರಲಿಲ್ಲ. ಅಲಮೇಲು ಹೋಗಿ ನೇರವಾಗಿ ಬಸ್ಸಿನ ಮುಂದೆ ನಿಂತಳು.

ಡ್ರೈವರ್ ಗಾಜಿನೊಳಗಿಂದ ಅವಳ ಹಣೆ ನೋಡಿದ, ಕೈ ನೋಡಿದ. ಅವನ ಮುಖ ಸೋರೆಕಾಯಿಯಂತೆ ಉದ್ದವಾಯಿತು. ಎಂಜಿನ್ ಆಫ್ ಮಾಡಿಬಿಟ್ಟ. “ಐದು ನಿಮಿಷ ಬಿಟ್ಟು ಹೊರಡಾನ ಕಣ್ರಪ್ಪ. ಎಲ್ಲಾ ಇಳಿದು ಒಂದೊಂದು ಲೋಟ ನೀರು ಕುಡೀರಿ” ಅಂದ. ಪ್ರಯಾಣಿಕರು ಒಬ್ಬರೂ ಎದುರು ಮಾತಾಡದೆ ಸಾಲಾಗಿ ಇಳಿದು ನಲ್ಲಿಯ ಕಡೆಗೆ ನಡೆದರು. ಹದಿನಾಲ್ಕು ದಿನದಲ್ಲಿ ಮೊದಲ ಸಲ ತನ್ನ ಬರಿ ಹಣೆಯಿಂದ ಒಂದು ಉಪಯೋಗವಾಯಿತು ಎಂದುಕೊಂಡಳು ಅಲಮೇಲು.

ಚಿಕ್ಕರಂಗಯ್ಯ ಬಸ್ಸಿನ ಮೇಲೆ ಹತ್ತಿದ. ವೆಂಕಟೇಶಯ್ಯ ಕಟ್ಟಿದ ಗಂಟು ಬಿಚ್ಚುವುದೆಂದರೆ ಕೋರ್ಟಿನ ವ್ಯಾಜ್ಯ ಬಿಚ್ಚಿದ ಹಾಗೆ. ಮೂರನೆಯ ಮೂಟೆಯಲ್ಲಿ ಹಾಸಿಗೆ. ನಾಲ್ಕನೆಯದರಲ್ಲಿ ಪುಸ್ತಕ. ಹರಿವಾಣ ಸಿಕ್ಕಿದ್ದು ಐದನೆಯದರಲ್ಲಿ, ಪಟ್ಟಾಭಿರಾಮನ ಮೂರು ಕೋಟುಗಳ ನಡುವೆ. ಮೇಲಿನಿಂದ ಕೊಡುವಾಗ ಕೈಜಾರಿ ಬಿದ್ದು, ನೆಲದ ಮೇಲೆ ಒಂದು ಸುತ್ತು ಹಾಕಿ, ನಾದ ಮಾಡುತ್ತಾ ಅಲಮೇಲುವಿನ ಕಾಲ ಬಳಿ ಬಂದು ಮಲಗಿತು. ಅವಳು ಅಂಚು ಸವರಿ ನೋಡಿದಳು. ಹೊಸ ತಗ್ಗೇನೂ ಬಿದ್ದಿರಲಿಲ್ಲ. ಬಿದ್ದಿದ್ದರೆ ಯಾವ ಊರಿನ ಗಿರಣಿ ಹೋಗುತ್ತಿತ್ತೋ.

ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದವರಲ್ಲಿ ಆಗಲೇ ಮಾತು ಬೆಳೆದಿತ್ತು. ಹೊಸ ಗಡಿಯ ಒಳಗೆ ಬಂದ ಎತ್ತಿನ ಗಾಡಿಗೆಲ್ಲ ನಂಬರ್ ಬೋರ್ಡು ಹಾಕಬೇಕಂತೆ ಅಂದ ಒಬ್ಬ. ಹಿಂದೆ ಕೆಂಪು ದೀಪವಂತೆ ಅಂದ ಇನ್ನೊಬ್ಬ. ಎತ್ತಿಗೂ ಲೈಸೆನ್ಸಂತೆ ಅಂದ ಮೂರನೆಯವನು. ಚಿಕ್ಕರಂಗಯ್ಯ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡು, ಸೈಕಲ್ ಹತ್ತಿ, ಅಲಮೇಲುವಿಗಿಂತ ಮೊದಲೇ ಕಚೇರಿ ಮುಟ್ಟಿದ.

ಮೂರು ಗಂಟೆಗೆ ಮೀಟಿಂಗ್ ಶುರುವಾದಾಗ ಗೆರೆ ಪೂರ್ತಿಯಾಗಿತ್ತು, ಹರಿವಾಣ ಅಲಮೇಲುವಿನ ಸೀರೆಯ ಮರೆಯಲ್ಲಿ ಮೇಜಿನ ಕೆಳಗಿತ್ತು. ಗೆರೆ ಗುಬ್ಬಿಯಿಂದ ಕೆಳಗಿಳಿದು, ಕುಣಿಗಲ್ಲಿನ ಕೆರೆ ಏರಿಯ ಒಂದು ಕೂದಲೆಳೆ ಆಚೆಗೆ ಹೋಗಿ, ಪೂರ್ವಕ್ಕೆ ತಿರುಗಿ ಕೋರ ಸೇರಿತ್ತು. ಇದಕ್ಕಿಂತ ಒಂದು ಬೆರಳು ಸಣ್ಣ ಹರಿವಾಣವಾಗಿದ್ದರೆ ಕುಣಿಗಲ್ ಹೊರಗುಳಿಯುತ್ತಿತ್ತು. ಎಷ್ಟು ಸರಿಯಾಗಿ ಹಿಡಿಸಿದೆ ಎಂದು ಅಲಮೇಲುವಿಗೆ ಆಶ್ಚರ್ಯವಾಯಿತು.

“ಪಟ್ಟಾಭಿರಾಮರ ವೈಜ್ಞಾನಿಕ ತತ್ವವನ್ನೇ ಅನುಸರಿಸಿ ಅಲಮೇಲಮ್ಮನವರು ಪೂರ್ತಿ ಮಾಡಿದಾರೆ,” ಎಂದು ಚಂದ್ರಶೇಖರಯ್ಯ ಕೋಲಿನಿಂದ ಗೆರೆಯ ಉದ್ದಕ್ಕೂ ತೋರಿಸಿದರು. ತಗ್ಗಿನ ಹತ್ತಿರ ಕೋಲು ಒಂದು ಗಳಿಗೆ ತಡೆಯಿತು. “ಇಲ್ಲಿ... ಇಲ್ಲಿ ಭೂಮಿಯ ಏರಿಳಿತವನ್ನು ಗಮನಕ್ಕೆ ತಗೊಂಡಿದೆ.”

ರಾಮಾಂಜಿನಯ್ಯ ಈಗ ಸಿಡಿಯುತ್ತಾನೆಂದು ಎಲ್ಲರೂ ಅವನ ಕಡೆ ತಿರುಗಿದರು. ಅವನು ಮೀಸೆ ಸವರಿಕೊಂಡು ನಕ್ಕ. “ಇರ್ಲಿ ಬುಡಿ ಸ್ವಾಮಿ. ಸರ್ಕಾರದ ಗೆರೆ ಎಳೆಯೋಕೆ ನಾನ್ಯಾರು? ಹೊರಗೇ ಇರ್ತೀನಿ ನಾನು. ಗಿರಣಿಗೆ ದಿನಕ್ಕೆ ನಲವತ್ತು ಗಾಡಿ ಬರ್ತವೆ. ನಲವತ್ತಕ್ಕೂ ಎಲ್ಲಿ ಹಚ್ಚಲಿ ಕೆಂಪು ದೀಪ?”

ಈಗ ಮುದ್ದಯ್ಯ ಎದ್ದ. “ಸ್ವಾಮೀ, ನಮಗೂ ಒಂದು ತಗ್ಗು ಹಾಕಿಸ್ಕೊಡಿ.”

“ಏನಂದ್ರಿ?”

“ಗುಬ್ಬಿಗೆ ಹಾಕಿದೀರಲ್ಲ, ಅಂಥದೇ. ನಮ್ಮ ಹಗ್ಗದ ಮಂ​ಡಿ ಹತ್ರ. ನಮ್ಮೂರಾಗೂ ಭೂಮಿ ಏರಿಳಿತ ಅದೆ. ಬೇಕಾದ್ರೆ ಬಂದು ನೋಡಿ.”

ಚಂದ್ರಶೇಖರಯ್ಯ ಅಲಮೇಲುವಿನ ಕಡೆ ನೋಡಿದರು. ಹರಿವಾಣಕ್ಕೆ ಇದ್ದದ್ದು ಒಂದೇ ತಗ್ಗು. “ತತ್ವದಲ್ಲಿ ಅವಕಾಶವಿಲ್ಲ ಸಾರ್” ಅಂದಳು ಅವಳು.

“ಹಂಗಾದ್ರೆ ಕಚೇರೀನ ಕುಣಿಗಲ್ಲಿಗೆ ಕೊಡಿ,” ಅಂದ ಮುದ್ದಯ್ಯ. “ತಗ್ಗು ಅವರಿಗೆ, ಆಪೀಸು ನಮಗೆ.”

“ಎಲ್ಲಾರ ಉಂಟೇನ್ರೀ!” ರಾಮಾಂಜಿನಯ್ಯ ಮೇಜು ಗುದ್ದಿದ. “ಗುಬ್ಬಿಗೆ ರೈಲದೆ. ನಿಮ್ಮೂರಿಗೆ ಏನದೆ, ಕುದುರೆ ಬುಟ್ರೆ?”

“ಕುದುರೆ ರೈಲಿಗಿಂತ ಹೇಳಿದ್ ಟೈಮಿಗೆ ಬತ್ತದೆ ಕಣಯ್ಯ.”

ಕಚೇರಿ ತುಮಕೂರಿನಲ್ಲೇ ಇರಲಿ ಎಂದು ಚಂದ್ರಶೇಖರಯ್ಯ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ರಾಮಾಂಜಿನಯ್ಯ ಗುಬ್ಬಿಯನ್ನು ತೋರಿಸಲು ನಕ್ಷೆಯ ಮೇಲೆ ಬಾಗಿದವನು ಹಾಗೇ ನಿಂತ. “ಇದೇನಿದು ತೂತು?”

ಎಲ್ಲರೂ ಬಾಗಿದರು. ಪೆನ್ಸಿಲ್ ಗೆರೆಗಳನ್ನೆಲ್ಲ ಅಲಮೇಲು ರಬ್ಬರಿನಿಂದ ಅಳಿಸಿದ್ದಳು. ಗುಂಡುಸೂಜಿಯ ತೂತನ್ನು ಅಳಿಸುವ ರಬ್ಬರು ಕಚೇರಿಯಲ್ಲಿರಲಿಲ್ಲ.

“ಅದು ಕೇಂದ್ರ. ಮಧ್ಯಬಿಂದು,” ಅಂದಳು. ಪ್ರಶ್ನೆ ಕೇಳಿದರೆ ಸರಿಯುತ್ತರ ಕೊಡುವುದು ಅವಳಿಗೆ ಕಾಲೇಜಿನಿಂದ ಬಂದ ಕೆಟ್ಟ ಅಭ್ಯಾಸ. ಬಾಯಿಂದ ಹೋದ ಮೇಲೆ ತುಟಿ ಕಚ್ಚಿಕೊಂಡಳು.

ಮುದ್ದಯ್ಯನೂ ರಾಮಾಂಜಿನಯ್ಯನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳಗಿನಿಂದ ಅವರಿಬ್ಬರಿಗೂ ಒಂದೇ ಯೋಚನೆ ಬಂದದ್ದು ಇದೇ ಮೊದಲು.

“ವೈಜ್ಞಾನಿಕವಾಗಿ ಮಧ್ಯ ಅಂದ್ರೆ ಅಲ್ಲೇ ಆಗ್ಲಿ ಬುಡಿ ಆಪೀಸು,” ಅಂದ ರಾಮಾಂಜಿನಯ್ಯ.

“ಅವರಿಗೂ ಬ್ಯಾಡ, ನಮಗೂ ಬ್ಯಾಡ. ನ್ಯಾಯ ಅದೆ,” ಅಂದ ಮುದ್ದಯ್ಯ.

ತೂತು ಬಿದ್ದಿದ್ದ ಜಾಗದಲ್ಲಿ ಊರಿರಲಿಲ್ಲ. ಕ್ಯಾತ್ಸಂದ್ರ ದಾಟಿ, ರಸ್ತೆ ಬಿಟ್ಟು, ದಕ್ಷಿಣಕ್ಕೆ ಆರೇಳು ಮೈಲಿ ಹೋದರೆ ಸಿಗುವ ಯಾರದೋ ಹುಣಿಸೆ ತೋಪು. ವಿಜ್ಞಾನವನ್ನು ಬೆಳಗಿನಿಂದ ತಲೆಯ ಮೇಲೆ ಹೊತ್ತು ಮೆರೆಸಿದವರು ಚಂದ್ರಶೇಖರಯ್ಯನವರೇ. ಸಂಜೆಗೆ ಇಳಿಸುವುದು ಹೇಗೆ? ಗಡಿ ವಿಸ್ತರಣೆಯ ಠರಾವು ಸರ್ವಾನುಮತದಿಂದ ಪಾಸಾಯಿತು. ಕಚೇರಿಯ ಠರಾವು ಸರ್ವಾನುಮತದಿಂದ ಪಾಸಾಯಿತು. ಮೂರನೆಯದಾಗಿ, ದಿವಂಗತ ಪಟ್ಟಾಭಿರಾಮರ ಜಾಗಕ್ಕೆ ಅವರ ಪತ್ನಿ ಅಲಮೇಲಮ್ಮನವರ ನೇಮಕದ ಠರಾವೂ ಸರ್ವಾನುಮತದಿಂದ, ಚಪ್ಪಾಳೆಯ ಜೊತೆಗೆ, ಪಾಸಾಯಿತು. ಒಂದನೇ ತಾರೀಖಿನಿಂದ ಬೆಳಿಗ್ಗೆ ಹತ್ತಕ್ಕೆ ಕೇಂದ್ರ ಕಚೇರಿಯಲ್ಲಿ ಹಾಜರಾಗತಕ್ಕದ್ದು.

“ಅಲ್ಲಿಗೆ ಹೋಗೋದು ಹ್ಯಾಗೆ ಸಾರ್?” ಅಂದಳು ಅಲಮೇಲು. “ಬಸ್ಸಿಲ್ಲವಲ್ಲ.”

“ಬಸ್ಸಿಗೆ ಯೋಜನೆ ಹಾಕೋಣ ತಾಯಿ,” ಚಂದ್ರಶೇಖರಯ್ಯ ಬೆವರೊರೆಸಿಕೊಂಡರು. “ಯೋಜನೆಗೆ ಮೊದಲು ನಕ್ಷೆ ಬೇಕು.”

“ನಕ್ಷೆ ಯಾರು ಬರೀಬೇಕು?”

“ನೀವೇ.”

“ಎಲ್ಲಿ ಕೂತು?”

ಚಂದ್ರಶೇಖರಯ್ಯ ನಕ್ಷೆಯ ತೂತನ್ನು ನೋಡಿದರು. ತೂತಿನ ಆಚೆ ಮೇಜಿನ ಮರ ಕಾಣುತ್ತಿತ್ತು. “ಬಸ್ಸು ಬರೋವರೆಗೆ ಅಣ್ಣನ ಮನೆಯಲ್ಲಿ ಇದ್ದುಬಿಡಿ ತಾಯಿ,” ಅಂದರು. “ಜಾಗ ಎಲ್ಲೂ ಹೋಗೋಲ್ಲ.”

ಐದು ಗಂಟೆಗೆ ಅಲಮೇಲು ಬಾವಿಕಟ್ಟೆಯ ಮೇಲೆ ಕೂತು ಹುಣಿಸೆಹಣ್ಣಿನಿಂದ ಹರಿವಾಣ ಉಜ್ಜುತ್ತಿದ್ದಳು. ಹಿತ್ತಾಳೆ ಬಂಗಾರದ ಹಾಗೆ ಹೊಳೆಯಿತು. ಅಂಚಿನ ಮಸಿ ಮಾತ್ರ ಪೂರ್ತಿ ಹೋಗಲಿಲ್ಲ. ಎರವು ತಂದ ಪಾತ್ರೆಯನ್ನು ಬರಿದಾಗಿ ಕೊಡುವುದುಂಟೇ? ಮನೆಯಲ್ಲಿ ಹುಡುಕಿದಳು. ವೆಂಕಟೇಶಯ್ಯ ಕಟ್ಟದೆ ಬಿಟ್ಟದ್ದು ಎರಡೇ: ಕಾಫಿಗೆಂದು ಉಳಿಸಿದ್ದ ಸಕ್ಕರೆಯ ಪೊಟ್ಟಣ, ಕಿಟಕಿಯ ಮೇಲೆ ಕಮಲಾಕ್ಷಮ್ಮ ಮರೆತುಹೋದ ಬಟ್ಟಲು. ಬಟ್ಟಲಿಗೆ ಸಕ್ಕರೆ ಸುರಿದು, ಹರಿವಾಣದ ನಡುವೆ ಇಟ್ಟುಕೊಂಡು ಪಕ್ಕದ ಮನೆಗೆ ಹೋದಳು.

ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಅವಳು ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತಳು. ಕಮಲಾಕ್ಷಮ್ಮ ಓಡಿ ಬಂದರು.

“ಅಯ್ಯೋ, ಸಕ್ಕರೆ ಯಾಕೆ ತಂದ್ಯಮ್ಮ! ಇದೇನು, ಅಂಚಿಗೆ ಮಸಿ?”

“ಕುಣಿಗಲ್‌ವರೆಗೂ ಹೋಗಿಬಂತು ಕಮಲಾಕ್ಷಮ್ಮನೋರೇ, ಅದಕ್ಕೆ.”

ಕಮಲಾಕ್ಷಮ್ಮ ಹರಿವಾಣವನ್ನು ಹಿಡಿದವರು ಹಣೆ ಚಚ್ಚಿಕೊಂಡರು. “ನೋಡು, ಈಗ ನೆನಪಾಯ್ತು! ಅವನೂ ಇದನ್ನೇ ಹೇಳ್ದ ಕಣೇ. ಮೂರು ತಟ್ಟೆ ತಂದು ತೋರಿಸಿದೆ. ಜೇಬಿಂದ ದಾರ ತೆಗೆದು ಅಳೆದ, ಅಳೆದ. ಚೆನ್ನಾಗಿರೋ ಎರಡೂ ಬಿಟ್ಟು ಈ ಸೊಟ್ಟದ್ದೇ ಬೇಕು ಅಂದ. ಇದಾದ್ರೆ ಕುಣಿಗಲ್ಲು ಮುಟ್ಟುತ್ತೆ ಅಂದ. ತಟ್ಟೆ ಹ್ಯಾಗಪ್ಪಾ ಕುಣಿಗಲ್ಲು ಮುಟ್ಟುತ್ತೆ ಅಂತ ನಾನು ನಗಾಡಿದೆ.”

“ಅದಕ್ಕೇನಂದ್ರು?”

“ಗಡಿಯೊಳಗೆ ಬಂದ್ರೆ ಗಂಟೆಗೊಂದು ಬಸ್ಸು ಬರುತ್ತೆ ಕಮಲಾಕ್ಷಮ್ಮ, ನಮ್ಮನೆಯವಳು ಬೆಳಿಗ್ಗೆ ತೌರಿಗೆ ಹೋಗಿ ಸಾಯಂಕಾಲ ಬಂದುಬಿಡಬಹುದು, ಹೋದ್ರೆ ವಾರಗಟ್ಲೆ ಬರೋಲ್ಲ, ನನಗೆ ಉಪ್ಪಿನ ಡಬ್ಬ ಸಿಕ್ಕೋಲ್ಲ, ಅಂದ.”

ಬೀದಿಯಲ್ಲಿ ವೆಂಕಟೇಶಯ್ಯ ಜಟಕಾ ತಂದು ನಿಲ್ಲಿಸಿ ಕೂಗುತ್ತಿದ್ದ. ಅಲಮೇಲು ಹರಿವಾಣದ ತಗ್ಗಿನ ಮೇಲೆ ಒಮ್ಮೆ ಹೆಬ್ಬೆರಳು ಇಟ್ಟಳು. ಬೆರಳು ಅಲ್ಲಿ ಸರಿಯಾಗಿ ಕೂತಿತು. ಆಮೇಲೆ ತೆಗೆದಳು.

“ಡಬ್ಬ ಒಲೆಯ ಎಡಗಡೆ ಗೂಡಿನಲ್ಲೇ ಇತ್ತು” ಅಂದಳು. ಅಂಗಳದಿಂದ ಬೀದಿಗೆ ಇಳಿದ ಮೇಲೆ ಏನೋ ನೆನೆಸಿಕೊಂಡು ನಿಂತು, ತಿರುಗಿ, “ಹೋಗಿ ಬರ್ತೀನಿ” ಅಂದಳು.